ಗುರುತು ಹಾಕದ ದಿಮ್ಮಿ

ಪರಿಚಯವಾದ ಎರಡನೇ ದಿನಕ್ಕೇ ಅಬಿಮಾಯೆಲ್ ಮಿಗ್ದಾಲಿಯಾಳನ್ನು 'ನೀನು' ಎಂದುಬಿಟ್ಟ.

ದಿಮ್ಮಿಯ ಆಚೆ ಬದಿಯಲ್ಲಿ ಬಗ್ಗಿ ತೊಗಟೆ ಕೆತ್ತುತ್ತಿದ್ದ ಎಫ್ರಾಯಿನ್‌ನ ಕೈ ಅಲ್ಲೇ ನಿಂತಿತು. ತಾನು ಅವಳನ್ನು ಬಲ್ಲದ್ದು ಹತ್ತೊಂಬತ್ತು ವರ್ಷದಿಂದ. ಅದರಲ್ಲಿ ಕೊನೆಯ ಮೂರು ವರ್ಷ ಪ್ರತಿ ಹಲಗೆಯ ಒಂದು ತುದಿ ತನ್ನ ಕೈಯಲ್ಲಿದ್ದರೆ ಇನ್ನೊಂದು ಅವಳ ಕೈಯಲ್ಲಿ. ಆದರೂ ಅವನ ಬಾಯಲ್ಲಿ ಇವತ್ತಿಗೂ 'ನೀವು'. ಈ ಪೊನ್ಸೆ ಪಟ್ಟಣದ ಬಡಗಿ ನಿನ್ನೆ ಬಂದವನು, ಇಸ್ತ್ರಿ ಮಾಡಿದ ಅಂಗಿ, ಬೆಳ್ಳಿ ಕೂದಲು, ಕೈಯಲ್ಲಿ ಸಿಹಿತಿಂಡಿಯ ಡಬ್ಬಿ.

"ನೀನು ಮೊದಲು ತಿನ್ನು, ಆಮೇಲೆ ಕೆಲಸ. ಬಿಸಿ ಇರುವಾಗಲೇ ರುಚಿ," ಎಂದ ಅಬಿಮಾಯೆಲ್.

ಮಿಗ್ದಾಲಿಯಾ ಕೈಗವಸು ಕಳಚಿ ಒಂದು ತೆಗೆದುಕೊಂಡಳು. ನಕ್ಕಳು ಕೂಡ. "ದೋನ್ ಎಫ್ರಾ, ನೀವೂ ಬನ್ನಿ." ಅವಳು ಅವನನ್ನು ಕರೆಯುತ್ತಿದ್ದದ್ದೇ ಹಾಗೆ, ಹೆಸರಿಗೆ ಮುಂಚೆ ಮರ್ಯಾದೆಯ 'ದೋನ್' ಸೇರಿಸಿ.

"ನಂಗೆ ಹಸಿವಿಲ್ಲ," ಎಂದ ಎಫ್ರಾಯಿನ್. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಾಫಿ ಮಾತ್ರ.

ಎಫ್ರಾಯಿನ್ ಹುಟ್ಟಾ ಮರ ಕುಯ್ಯುವವನಲ್ಲ. ಒರೊಕೊವಿಸ್ ಗುಡ್ಡದ ತಿರುವುಗಳಲ್ಲಿ ಇಪ್ಪತ್ಮೂರು ವರ್ಷ ಶಾಲಾ ಬಸ್ಸು ಓಡಿಸಿದವನು. ಮಕ್ಕಳು ಕಡಿಮೆಯಾದರೆಂದು ಶಾಲೆಗೆ ಬೀಗ ಹಾಕಿದ ವರ್ಷವೇ ಚಂಡಮಾರುತ ಬಂದು ಗುಡ್ಡದ ಅರ್ಧ ಮರಗಳನ್ನು ಮಲಗಿಸಿತು. ಅಜ್ಜಂದಿರ ಕಾಲದ ಮಹಾಗನಿಗಳನ್ನು ತುಂಡು ಮಾಡಿ ಕಸದ ಗುಂಡಿಗೆ ಸಾಗಿಸುತ್ತಿದ್ದರು. ಲಾರಿಗಳು ಸಾಲಾಗಿ ಹೋಗುವುದನ್ನು ಎರಡು ವಾರ ನೋಡಿ, ಕೂಡಿಟ್ಟದ್ದನ್ನೆಲ್ಲ ಸುರಿದು ಅವನೊಂದು ಸಣ್ಣ ಸಾಮಿಲ್ ತಂದ. ಹಳಿಯ ಮೇಲೆ ಕೈಯಲ್ಲೇ ತಳ್ಳಬೇಕಾದ ಯಂತ್ರ, ಅದರೊಳಗೆ ಗಿರಗಿರ ಸುತ್ತುವ ತೆಳು ಗರಗಸದ ಪಟ್ಟಿ. "ನಲವತ್ತೊಂಬತ್ತಕ್ಕೆ ಇವನ ಬುದ್ಧಿ ಹಳಿ ತಪ್ಪಿತು," ಎಂದಳು ಅವನ ಅಕ್ಕ. ಹೆಂಡತಿ ಬದುಕಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳೇನೋ. ಅವಳು ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು.

ಮೊದಲ ವಾರ ಕುಯ್ದ ಹಲಗೆಗಳು ಅಂಕುಡೊಂಕು. ಮಿಗ್ದಾಲಿಯಾ ಅದೇ ಶಾಲೆಯ ಅಡುಗೆಮನೆಯಲ್ಲಿದ್ದವಳು. ಅವಳ ಕೆಲಸ ಹೋದದ್ದೂ ಅದೇ ದಿನ. ಏನು ನಡೀತಿದೆ ನೋಡೋಣವೆಂದು ಬಂದವಳು ಒಂದು ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು.

"ಇದು ಹಲಗೆನೋ, ನಿಮ್ಮ ಬಸ್ಸು ಹೋಗ್ತಿದ್ದ ರಸ್ತೆನೋ?"

ಮರುದಿನ ತನ್ನದೇ ಕೈಗವಸು ಹಾಕಿಕೊಂಡು ಬಂದಳು. ಆಮೇಲೆ ದಿನಾ ಬಂದಳು. ಅವಳ ಗಂಡ ಸಮುದ್ರದಾಚೆಯ ಒರ್ಲಾಂಡೊಗೆ ಕೆಲಸ ಹುಡುಕಿ ಹೋದವನು ಮರಳಿರಲಿಲ್ಲ. ಅವನ ಬದಲು ವಿಚ್ಛೇದನದ ಕಾಗದ ಅಂಚೆಯಲ್ಲಿ ಬಂದಿತ್ತು. ಅದನ್ನು ಅವಳು ಹೇಳಿದ್ದು ಒಂದೇ ಸಲ, ಹಲಗೆ ಪೇರಿಸುತ್ತ, ಬೇಳೆಗೆ ಉಪ್ಪು ಸಾಲದು ಎನ್ನುವ ಧಾಟಿಯಲ್ಲಿ. ಎಫ್ರಾಯಿನ್‌ಗೆ ಏನೋ ಹೇಳಬೇಕೆನಿಸಿತ್ತು. ಹೇಳಿದ್ದು ಮಾತ್ರ, "ಆ ತುದಿ ಸ್ವಲ್ಪ ಎತ್ತಿ."

ಅಬಿಮಾಯೆಲ್ ಹಲಗೆ ಕೊಳ್ಳಲು ಪ್ರತಿ ಗುರುವಾರ ಬರತೊಡಗಿದ. ಅವನು ಕುರ್ಚಿ, ಮೇಜು ಮಾಡುವ ನಿಪುಣ. ಬೆರಳ ಗೆಣ್ಣಿನಿಂದ ಹಲಗೆ ತಟ್ಟಿ ಕಿವಿಗೊಡುತ್ತಿದ್ದ, ವೈದ್ಯರು ಎದೆ ನೋಡುವ ಹಾಗೆ.

"ಈ ಹಲಗೆ ಆರಿಸಿದ್ದು ಯಾರು?"

"ನಾನು," ಎಂದಳು ಮಿಗ್ದಾಲಿಯಾ.

"ನಿನ್ನ ಕಣ್ಣಿಗೆ ಬೆಲೆ ಕಟ್ಟೋಕಾಗಲ್ಲ. ಪೊನ್ಸೆಗೆ ಬಾ, ಪಾಲಿಶ್ ಹಾಕೋದು ನಾನು ಕಲಿಸ್ತೀನಿ."

ಅವಳ ಕೆನ್ನೆ ಕೆಂಪಾಯಿತು. ಮರದ ಹೊಟ್ಟು ಮೆತ್ತಿದ ಹುಬ್ಬು ಮೇಲೇರಿತು. ಅಬಿಮಾಯೆಲ್ ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಹೆಬ್ಬೆರಳಿನಿಂದ ಆ ಹುಬ್ಬಿನ ಹೊಟ್ಟನ್ನು ಒರೆಸಿದ.

ಮೂರು ವರ್ಷ! ಮೂರು ವರ್ಷದಿಂದ ಎಫ್ರಾಯಿನ್ ಆ ಹುಬ್ಬಿನ ಮೇಲೆ ಹೊಟ್ಟು ಕೂರುವುದನ್ನೂ, ಸಂಜೆ ಅವಳು ಅದನ್ನು ತಾನೇ ತೊಳೆಯುವುದನ್ನೂ ನೋಡಿಕೊಂಡೇ ಬಂದಿದ್ದ. ಅವತ್ತು ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಹೆಬ್ಬೆರಳು.

"ಆ ಬಡಗಿ ಮಾತು ಜಾಸ್ತಿ," ಎಂದ ಮರುದಿನ.

"ಮಾತಾಡೋರು ಇದ್ರೆ ಕೆಲಸ ಬೇಗ ಸಾಗುತ್ತೆ." ಮಿಗ್ದಾಲಿಯಾ ಓರೆಗಣ್ಣಿನಲ್ಲಿ ನೋಡಿದಳು. "ನಿಮಗೆ ಏನಾದ್ರೂ ಹೇಳೋದಿತ್ತಾ, ದೋನ್ ಎಫ್ರಾ?"

"ಇಲ್ಲ. ಯಾಕೆ?"

"ಸುಮ್ನೆ ಕೇಳಿದೆ." ಅವಳು ಕೈಗವಸು ಬಿಗಿಮಾಡಿಕೊಂಡಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.

ಆ ತಿಂಗಳ ಕೊನೆಗೆ ಒಂದು ದೊಡ್ಡ ಮಹಾಗನಿ ದಿಮ್ಮಿ ಬಂತು, ಯಾರದೋ ಹಳೆಯ ಮನೆಯ ಹಿತ್ತಲಿನದು. ಅಬಿಮಾಯೆಲ್‌ಗೆ ಅದರ ಮೇಲೆ ಕಣ್ಣು. "ಇದನ್ನ ನಾನೇ ಕುಯ್ತೀನಿ, ದಪ್ಪ ಎಷ್ಟಿರಬೇಕು ಅಂತ ನನ್ನ ಕೈಗೇ ಗೊತ್ತು," ಎಂದಿದ್ದ.

ಮನೆಯ ಹಿತ್ತಲಿನ ಮರವೆಂದರೆ ಮೈಯೊಳಗೆ ಏನೇನೋ ನುಂಗಿಕೊಂಡಿರುತ್ತದೆ. ಮೊಳೆ, ತಂತಿ, ಜೋಲಿ ಕಟ್ಟುವ ಕೊಕ್ಕೆ. ಅದಕ್ಕೇ ಎಫ್ರಾಯಿನ್ ಪ್ರತಿ ದಿಮ್ಮಿಯ ಮೇಲೂ ಲೋಹ ಪತ್ತೆ ಹಚ್ಚುವ ಕೋಲು ಆಡಿಸುತ್ತಿದ್ದ. ಅದು ಕೂಗಿದಲ್ಲಿ ಕೆಂಪು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಆ ಗುರುವಾರ ಬೆಳಿಗ್ಗೆ, ಯಾರೂ ಬರುವ ಮುಂಚೆ, ಕೋಲು ದಿಮ್ಮಿಯ ನಡುವೆ ಕೂಗಿತು. ಜೋರಾಗಿಯೇ ಕೂಗಿತು.

ಅವನು ಜೇಬಿಗೆ ಕೈ ಹಾಕಿದ. ಸೀಮೆಸುಣ್ಣ ಬೆರಳಿಗೆ ತಗುಲಿತು.

ಗುರುತು ಹಾಕದಿದ್ದರೆ ಏನಾದೀತು? ಪಟ್ಟಿ ತುಂಡಾಗುತ್ತದೆ. ಸುತ್ತ ಕಬ್ಬಿಣದ ಕವಚ ಇದೆ, ಯಾರಿಗೂ ಪೆಟ್ಟಾಗದು. ಆದರೆ ಆ ನಿಪುಣ ಇವಳ ಎದುರಿಗೇ ಪೆಚ್ಚಾಗುತ್ತಾನೆ. ಅಷ್ಟೇ ಸಾಕು.

ಕೈ ಖಾಲಿಯಾಗಿಯೇ ಜೇಬಿನಿಂದ ಹೊರಬಂತು.

ಹತ್ತು ಗಂಟೆಗೆ ಯಂತ್ರ ಶುರುವಾಯಿತು. ಅಬಿಮಾಯೆಲ್ ಮೊದಲೆರಡು ಹಲಗೆ ನಾಜೂಕಾಗಿ ತೆಗೆದ. ದಿಮ್ಮಿಯ ಒಳಗಿನ ಕೆಂಪು ಚೇಗು ಕಾಣಿಸಿದ ಕೂಡಲೇ ಮಿಗ್ದಾಲಿಯಾ "ಅಯ್ಯೋ, ಎಷ್ಟು ಚೆಂದ!" ಎಂದು ಓಡಿಬಂದಳು. ಅವನು ಹಿಡಿಕೆ ಬಿಟ್ಟು ಪಕ್ಕಕ್ಕೆ ಸರಿದ.

"ಇಷ್ಟು ಆಸೆಪಡೋಳು ನೋಡ್ತಾ ನಿಲ್ಲಬಾರದು. ಬಾ, ಈ ಹಲಗೆ ನೀನೇ ತೆಗಿ."

ಮಿಗ್ದಾಲಿಯಾ ಹಿಡಿಕೆ ಹಿಡಿದಳು. ಅವಳ ಮುಖದಲ್ಲಿದ್ದ ಸಂತೋಷವನ್ನು ಎಫ್ರಾಯಿನ್ ನೋಡಿದ. ಬಾಯಿ ತೆರೆದ. ಏನೆಂದು ಹೇಳುವುದು? ಹೇಳಿದರೆ, ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ಯೋಚನೆಗೆ ಹಿಡಿದದ್ದು ಎರಡು ಕ್ಷಣ. ಅಷ್ಟರಲ್ಲಿ ಪಟ್ಟಿ ದಿಮ್ಮಿಯೊಳಗೆ ಒಂದು ಮೊಳ ನುಗ್ಗಿತ್ತು.

"ನಿಲ್ಸಿ! ಮಿಗ್ದಾಲಿಯಾ, ಬಿಡಿ ಅದನ್ನ!"

ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಅವನು ಓಡಿಹೋಗಿ ಭುಜದಿಂದ ಅವಳನ್ನು ನೂಕಿ ಎಂಜಿನ್ ಆರಿಸಲು ಕೈ ಚಾಚಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿರುಚಿತು. ಪಟ್ಟಿ ಫಟ್ಟೆಂದು ಹರಿಯಿತು. ಅದರ ಒಂದು ತುಂಡು ಕವಚದ ಅಡಿಯಿಂದ ಹಾವಿನಂತೆ ಚಿಮ್ಮಿ ಅವನ ಬಲ ಮುಂಗೈಯನ್ನು ಸೀಳಿತು.

ಹನ್ನೊಂದು ಹೊಲಿಗೆ ಬಿದ್ದವು.

ಅಲ್ಲಿಂದ ಶುರುವಾದದ್ದು ಎಫ್ರಾಯಿನ್‌ನ ಬದುಕಿನಲ್ಲೇ ಅತ್ಯಂತ ಸಿಹಿಯಾದ, ಅತ್ಯಂತ ಕೆಟ್ಟ ಮೂರು ದಿನ. ಊರೆಲ್ಲ ಅವನನ್ನು ಶೂರನೆಂದಿತು. ಅಬಿಮಾಯೆಲ್ ಕಣ್ಣು ತುಂಬಿಕೊಂಡು, "ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಾಗಲಿಲ್ಲ. ನೀವು ಹೇಗೋ ಕಂಡ್ರಿ," ಎಂದ. ಮಿಗ್ದಾಲಿಯಾ ಹೊತ್ತುಹೊತ್ತಿಗೆ ಬಂದು, ಕೋಳಿ ಹಾಕಿ ಮೆತ್ತಗೆ ಬೇಯಿಸಿದ ಅನ್ನವನ್ನು ಚಮಚದಲ್ಲಿ ತಿನ್ನಿಸಿದಳು. ಅವಳ ಮೊಣಕಾಲು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಿರುತ್ತಿದ್ದಳು.

"ಬಾಯಿ ತೆಗೀರಿ. ಬಸ್ಸಿನ ಬಾಗಿಲಾದ್ರೂ ಇದಕ್ಕಿಂತ ಬೇಗ ತೆಗೀತಿತ್ತು."

ಅವನು ನಕ್ಕ. ಮೂರನೇ ಸಂಜೆ ಅವಳು ಚಮಚ ಹಿಡಿದೇ ಮೆಲ್ಲಗೆ ಹೇಳಿದಳು. "ನೀವಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ. ನೀವು ಓಡಿಬರುವಾಗ ನಿಮ್ಮ ಮುಖ ನೋಡಿದೆ. ಆ ಮುಖ ನಾನು ಮರೆಯಲ್ಲ."

ಸುಮ್ಮನಿದ್ದರೆ ಇವಳು ತನ್ನವಳೇ ಎಂದು ಅವನಿಗೆ ಆ ಕ್ಷಣ ಸ್ಪಷ್ಟವಾಗಿ ತಿಳಿಯಿತು. ಸುಮ್ಮನಿರುವುದೊಂದೇ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

"ಮಿಗ್ದಾಲಿಯಾ, ಅದರೊಳಗೆ ಕಬ್ಬಿಣ ಇರೋದು ನನಗೆ ಗೊತ್ತಿತ್ತು."

"ಅಂದ್ರೆ?"

"ಬೆಳಿಗ್ಗೆನೇ ಕೋಲು ಕೂಗಿತ್ತು. ನಾನು ಗುರುತು ಹಾಕಲಿಲ್ಲ."

ಅವಳು ಚಮಚವನ್ನು ತಟ್ಟೆಯಲ್ಲಿಟ್ಟಳು. "ಮರೆತ್ರಿ. ಅಲ್ವಾ? ಮರೆತುಹೋಯ್ತು."

ದಾಟಿಕೊಳ್ಳಲು ಅವಳೇ ಸೇತುವೆ ಹಾಕಿಕೊಟ್ಟಿದ್ದಳು. ಅವನು ದಾಟಲಿಲ್ಲ.

"ಮರೀಲಿಲ್ಲ. ಅವನೇ ಕುಯ್ತಾನೆ ಅಂದ್ಕೊಂಡಿದ್ದೆ. ನಿಮ್ಮೆದುರಿಗೆ ಅವನಿಗೆ ಅವಮಾನ ಆಗ್ಲಿ ಅಂತ. ಅವನು ನಿಮ್ಮ ಹುಬ್ಬು ಮುಟ್ಟಿದ್ದು ನನಗೆ..."

"ಅವನ ಕೈ ಹೋಗಿದ್ರೆ?" ಅವಳು ಎದ್ದು ನಿಂತಿದ್ದಳು. "ಅವನು ಬೆರಳು ನಂಬ್ಕೊಂಡು ಬದುಕೋನು! ನನ್ನ ಕಣ್ಣು ಹೋಗಿದ್ರೆ? ನೀನು ಮನುಷ್ಯನಾ?"

ಹತ್ತೊಂಬತ್ತು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ 'ನೀನು' ಅದು. ಅದನ್ನು ಅವನು ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದ. ಹೀಗಲ್ಲ.

ತಟ್ಟೆ ಅಲ್ಲೇ ಬಿಟ್ಟು ಅವಳು ಹೊರಟುಹೋದಳು.

ಎರಡು ವಾರ ಕಳೆಯಿತು. ಹೊಲಿಗೆ ಬಿಚ್ಚಿದರು. ಅವಳು ಅಬಿಮಾಯೆಲ್‌ನ ಕಾರ್ಖಾನೆ ನೋಡಲು ಪೊನ್ಸೆಗೆ ಹೋಗಿ ಬಂದಳೆಂದು ಅಕ್ಕ ಹೇಳಿದಳು, ಅದೂ ರುಚಿಗೆ ತಕ್ಕಷ್ಟು ಖಾರ ಸೇರಿಸಿ. ಎಫ್ರಾಯಿನ್ ಒಬ್ಬನೇ ಸಣ್ಣ ದಿಮ್ಮಿಯೊಂದನ್ನು ಕುಯ್ಯಲು ನೋಡಿದ. ಹಲಗೆಯ ಆ ತುದಿ ಹಿಡಿಯುವವರಿಲ್ಲದೆ ಅದು ನೆಲಕ್ಕೆ ಬಿತ್ತು. ಎತ್ತಲೂ ಮನಸ್ಸಾಗದೆ ನಿಂತ. ಹೊಟ್ಟೆಕಿಚ್ಚು ಕಡಿಮೆಯಾಗಿರಲಿಲ್ಲ. ಈಗ ಅದರ ಜೊತೆ ನಾಚಿಕೆಯೂ ಸೇರಿ ಎರಡೂ ಒಂದೇ ಒಲೆಯಲ್ಲಿ ಉರಿಯುತ್ತಿದ್ದವು.

ಭಾನುವಾರ ಮಧ್ಯಾಹ್ನ ಅವಳ ಮನೆಗೆ ಹೋದ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬಾಳೆಕಾಯಿ ತುರಿಯುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ಬಾಗಿಲಲ್ಲೇ ನಿಂತ.

"ಅಬಿಮಾಯೆಲ್ ಎರಡು ವಿಷಯ ಕೇಳಿದ," ಎಂದಳು ತಲೆಯೆತ್ತದೆ. "ವಾರಕ್ಕೆ ಎರಡು ದಿನ ಕೆಲಸಕ್ಕೆ ಬರ್ತೀಯಾ ಅಂತ ಒಂದು. ಅದಕ್ಕೆ ಹೂಂ ಅಂದೆ."

"ಇನ್ನೊಂದು?"

"ಮದುವೆ ಆಗ್ತೀಯಾ ಅಂತ."

ಎಫ್ರಾಯಿನ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಒಳ್ಳೆಯವನು," ಎಂದಳು ಅವಳು. "ಮನಸ್ಸಿಗೆ ಬಂದದ್ದನ್ನ ಬಾಯಲ್ಲಿ ಹೇಳ್ತಾನೆ. ಎಷ್ಟು ಚೆನ್ನಾಗಿ ಕೇಳಿದ ಗೊತ್ತಾ? ಕೇಳ್ತಾ ಇದ್ರೆ ನನಗೆ ಒಂದೇ ಯೋಚನೆ, ಈ ಮಾತು ಆ ಮೂಕನ ಬಾಯಿಂದ ಬಂದಿದ್ರೆ ಅಂತ. ಅದಕ್ಕೇ ಬೇಡ ಅಂದೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದ್ರೆ, ಬೇಡ ಅಂದದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು."

ತುರಿಯುವುದು ನಿಂತಿತು.

"ಹೊಟ್ಟೆಕಿಚ್ಚು ತಪ್ಪಲ್ಲ. ಬಾಯಿ ಮುಚ್ಕೊಂಡಿದ್ಯಲ್ಲ, ಅದು ತಪ್ಪು. ಪ್ರೀತಿ ಇದ್ರೂ ಮೌನ, ಕಬ್ಬಿಣ ಇದ್ರೂ ಮೌನ. ನಿನ್ನ ಜೊತೆ ಕೆಲಸ ಮಾಡೋದು ಹೇಗೆ? ಬದುಕೋದು ಹೇಗೆ?"

ಎಫ್ರಾಯಿನ್ ಚೌಕಟ್ಟಿನಿಂದ ಕೈ ತೆಗೆದ. "ಶಾಲೆ ಬಿಟ್ಟ ಮೇಲೆ ಬಸ್ಸು ಸ್ಟಾರ್ಟ್ ಆಗ್ತಿಲ್ಲ ಅಂತ ಹೇಳ್ತಿದ್ದೆನಲ್ಲ, ಕೊನೇ ವರ್ಷಗಳಲ್ಲಿ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಬಸ್ಸಿಗೆ ಏನೂ ಆಗಿರಲಿಲ್ಲ. ನೀನು ಪಾತ್ರೆ ತೊಳೆದು ಹೊರಗೆ ಬರೋಕೆ ಹತ್ತು ನಿಮಿಷ ಬೇಕಿತ್ತು. ನೀನು ರಸ್ತೆ ದಾಟೋದನ್ನ ನೋಡಿ ಹೊರಡ್ತಿದ್ದೆ. ಮಕ್ಕಳು ಬೈತಿದ್ರು." ಅವನು ಅಲ್ಲಿಗೇ ನಿಲ್ಲಿಸಲಿಲ್ಲ. "ನೀನಂದ್ರೆ ನನಗೆ ಇಷ್ಟ, ಮಿಗ್ದಾಲಿಯಾ. ಅವನು ನಿನ್ನ ಹೆಸರು ಹೇಳಿದ್ರೂ ನನಗೆ ಉರಿಯುತ್ತೆ. ನಾಳೆನೂ ಉರಿಯುತ್ತೆ. ಆದ್ರೆ ಇನ್ನು ಮುಂದೆ ಹೇಳ್ತೀನಿ."

ಅವಳು ಮತ್ತೆ ಬಾಳೆಕಾಯಿ ತುರಿಯತೊಡಗಿದಳು. ತುಟಿಯ ಒಂದು ಮೂಲೆ ಮಾತ್ರ ಅವಳ ಮಾತು ಕೇಳದೆ ಅಲುಗಿತು.

"ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡ. ಮೊದಲು ಅವನಿಗೆ ಹೇಳು. ಎಲ್ಲಾನೂ. ಮತ್ತೆ ಇನ್ಮೇಲೆ ಕೋಲು ಆಡಿಸೋಳು ನಾನು."

"ಆಗಲಿ."

"ಕೂತ್ಕೋ. ಬಾಗಿಲಿಗೆ ಅಡ್ಡ ನಿಂತ್ರೆ ಗಾಳಿ ಬರಲ್ಲ."

ಅವನು ಕೂತ. ಎಡಗೈಯನ್ನು ಹಿಂಜರಿಯುತ್ತ ಚಾಚಿ ಅವಳ ಹುಬ್ಬಿಗೆ ಮೆತ್ತಿದ್ದ ಬಾಳೆಕಾಯಿಯ ತುರಿಯನ್ನು ಒರೆಸಿದ. ಅವಳು ಕಣ್ಣು ಮುಚ್ಚಿದಳು. ಅವನ ಬೆರಳು ಅಲ್ಲಿಂದ ಹಿಂದಿರುಗಲು ತುಂಬ ಹೊತ್ತು ಹಿಡಿಯಿತು.

ಮಂಗಳವಾರ ಬೆಳಿಗ್ಗೆ ಅವಳನ್ನು ಕೆಲಸಕ್ಕೆ ಕರೆದೊಯ್ಯಲು ಅಬಿಮಾಯೆಲ್‌ನ ಟ್ರಕ್ ಊರಿನ ದಿನಸಿ ಅಂಗಡಿಯ ಮುಂದೆ ನಿಂತಿತು. ಎಫ್ರಾಯಿನ್ ಅವನನ್ನು ಪಕ್ಕಕ್ಕೆ ಕರೆದು ಒಂದನ್ನೂ ಬಿಡದೆ ಹೇಳಿದ. ಅಬಿಮಾಯೆಲ್ ತನ್ನ ಹತ್ತೂ ಬೆರಳುಗಳನ್ನು ಒಮ್ಮೆ ನೋಡಿಕೊಂಡ.

"ಹೇಳಿದ್ರಲ್ಲ, ಅಷ್ಟೇ ಸಾಕು," ಎಂದ ಕೊನೆಗೆ. "ಆದ್ರೆ ನನ್ನ ಕೈ ಕುಲುಕೋಕೆ ಇನ್ನೂ ಸ್ವಲ್ಪ ದಿನ ಕಾಯಬೇಕು, ದೋನ್ ಎಫ್ರಾ."

ಅದು ನ್ಯಾಯವೇ. ಅವನು ತಲೆಯಾಡಿಸಿದ.

ಮಿಗ್ದಾಲಿಯಾ ಹೊಸ ಕುಪ್ಪಸ ತೊಟ್ಟು ಟ್ರಕ್ ಹತ್ತಿದಳು. ಅಬಿಮಾಯೆಲ್ ಏನೋ ಹೇಳಿದ, ಅವಳು ನಕ್ಕಳು. ಟ್ರಕ್ ಹೊರಟಿತು. ಅಂಗಡಿಯ ಮುಂದೆ ಕಾಫಿ ಕುಡಿಯುತ್ತಿದ್ದ ಏಳೆಂಟು ಜನ, ಅವನ ಅಕ್ಕನೂ ಸೇರಿ, ನೋಡುತ್ತಿದ್ದರು.

"ಮಿಗ್ದಾಲಿಯಾ!" ಎಫ್ರಾಯಿನ್ ರಸ್ತೆಯ ನಡುವೆ ನಿಂತು ಕೂಗಿದ. "ನಂಗೆ ಹೊಟ್ಟೆ ಉರೀತಿದೆ!"

ಟ್ರಕ್ ನಿಧಾನವಾಯಿತು. ಕಿಟಕಿಯಿಂದ ಅವಳ ತಲೆ ಹೊರಬಂತು. ಗಾಳಿಗೆ ಕೂದಲು ಮುಖದ ತುಂಬ.

"ಎಷ್ಟು?"

"ಅನ್ನ ಸೇರದಷ್ಟು!"

"ಆದ್ರೂ ಅನ್ನ ಮಾಡಿಡು, ತೊಗರಿ ಹಾಕಿ! ಸಂಜೆ ಬರೋವಾಗ ನಂಗೆ ಹಸಿವಾಗಿರುತ್ತೆ!"

ಅಂಗಡಿಯ ಮುಂದಿನ ಜನ ಚಪ್ಪಾಳೆ ತಟ್ಟಿದರು. ಅಕ್ಕ ತಲೆ ಚಚ್ಚಿಕೊಂಡಳು. ಟ್ರಕ್ ತಿರುವಿನಲ್ಲಿ ಮರೆಯಾಗುವವರೆಗೂ ಎಫ್ರಾಯಿನ್ ನಿಂತೇ ಇದ್ದ; ಮುಖ ಕೆಂಪಗೆ, ಎದೆ ಧಗಧಗ. ಆಮೇಲೆ ಅಂಗಡಿಯೊಳಗೆ ಹೋಗಿ, ಹಸಿ ತೊಗರಿಕಾಯಿ ಎರಡು ಪೌಂಡ್ ಕೊಡಿ, ಎಳೆಯದಾಗಿರಲಿ, ಎಂದು ಕೇಳಿದ.