ಹಸಿರು ಬಟನ್

“ಇನ್ನೊಂದ್ಸಲ ಉಜ್ಜಿ ನೋಡಿ ಅಂಕಲ್,” ಎಂದಳು ಚೂಟಿ.

ಕನ್ನಡಕದಂಗಡಿಯವನು ಅಮ್ಮನ ಕಾರ್ಡನ್ನು ಮತ್ತೆ ಉಜ್ಜಿದ. ಮೆಷಿನ್ ಮತ್ತೆ ಕುಂಯ್ ಎಂದಿತು.

“ಅಕೌಂಟಲ್ಲಿ ದುಡ್ಡು ಸಾಲ್ತಿಲ್ಲಮ್ಮ,” ಎನ್ನುತ್ತಾ ಅವನು ಚೂಟಿಯ ಮೂಗಿನ ಮೇಲಿದ್ದ ಹೊಸ ಕನ್ನಡಕವನ್ನು ತೆಗೆದು ಡಬ್ಬಿಗೆ ಹಾಕಿದ. ಎದುರಂಗಡಿಯ ಬೋರ್ಡು ಮತ್ತೆ ಮಸುಕಾಯಿತು.

ಅಮ್ಮನಿಗೆ ದಿಕ್ಕೇ ತೋಚಲಿಲ್ಲ. ಲಾಂಡ್ರಿಯಲ್ಲಿ ಹಗಲೆಲ್ಲ ಇಸ್ತ್ರಿ ಮಾಡಿ ಕೂಡಿಟ್ಟ ದುಡ್ಡು ಅದು. ಇದೇ ಮೊದಲ ಸಲ ಬ್ಯಾಂಕಿಗೆ ಹಾಕಿದ್ದಳು. ಅಲ್ಲೇ ಇದೆಯೋ, ಯಾರಾದರೂ ಹೊಡೆದುಕೊಂಡು ಹೋದರೋ ಎಂದು ಅವಳಿಗೆ ಸದಾ ಪುಕುಪುಕು. ಅದಕ್ಕೇ ದಿನಾ ಸಂಜೆ ಎಟಿಎಂಗೆ ಹೊಕ್ಕು ನೋಡಿಕೊಂಡೇ ಮನೆಗೆ ಹೋಗುವುದು. ಬಟನ್ ಒತ್ತುವ ಕೆಲಸ ಚೂಟಿಯದು. “ಇದೆಯಮ್ಮ!” ಎಂದು ಅವಳು ಕುಣಿದ ಮೇಲೆಯೇ ಅಮ್ಮನಿಗೆ ಸಮಾಧಾನ. ಬಿಡಿಗಾಸನ್ನೂ ತೆಗೆದಿರಲಿಲ್ಲ.

ಇಬ್ಬರೂ ಸೀದಾ ಬ್ಯಾಂಕಿಗೆ ಹೋದರು.

“ಯಾರೂ ಕದ್ದಿಲ್ಲಮ್ಮ,” ಎಂದ ಕೌಂಟರಿನ ಗುಮಾಸ್ತ, ಕಂಪ್ಯೂಟರಿನಿಂದ ಕಣ್ಣೆತ್ತದೆ. “ಬ್ಯಾಲೆನ್ಸ್ ನೋಡಿದೀರಿ. ಮೊದಲ ಕೆಲವು ಸಲ ಫ್ರೀ. ಆಮೇಲೆ ನೋಡಿದಾಗಲೆಲ್ಲ ಚಾರ್ಜು. ಎಲ್ಲಾ ಸೇರಿ ನಿನ್ನೆ ರಾತ್ರಿ ಒಟ್ಟಿಗೆ ಕಟ್ ಆಗಿದೆ.”

“ನಮ್ಮ ದುಡ್ಡು ನಾವು ನೋಡೋಕೂ ದುಡ್ಡಾ ಸಾರ್? ಇದನ್ನ ಕೇಳೋರೇ ಇಲ್ವಾ?” ಎಂದಳು ಅಮ್ಮ.

“ಮೇಲಿನೋರು ಇದಾರಲ್ಲ. ಎಷ್ಟು ಕಟ್ ಮಾಡಬಹುದು ಅಂತ ರೂಲ್ಸ್ ಮಾಡಿರೋದೇ ಅವರು.”

ಚೂಟಿಗೆ ಮೈಯೆಲ್ಲ ಉರಿಯಿತು. ಇದ್ಯಾವ ಸೀಮೆಯ ನ್ಯಾಯ?

“ಮೆಷಿನ್ನೇನು ಸುಮ್ನೆ ಕಟ್ ಮಾಡಲ್ಲ,” ಎಂದ ಗುಮಾಸ್ತ. “ಚಾರ್ಜ್ ಆಗುತ್ತೆ, ಆಗಬಹುದಾ ಅಂತ ಪ್ರತಿ ಸಲ ಕೇಳುತ್ತೆ. ಹೌದು ಅಂತ ಒತ್ತಿದ್ದು ಯಾರು?”

ಚೂಟಿ ತನ್ನ ತೋರುಬೆರಳನ್ನು ನೋಡಿಕೊಂಡಳು. ಪರದೆಯ ಮೇಲೆ ಇರುವೆ ಸಾಲಿನಂತೆ ಏನೋ ಬರುತ್ತಿತ್ತು, ನಿಜ. ಅವಳಿಗೆ ಅದು ಓದುವಷ್ಟು ಕಾಣುತ್ತಿರಲಿಲ್ಲ. ಕೊನೆಗೆ ಬರುವ ದಪ್ಪ ಅಂಕಿಗಳನ್ನು ಬಿಟ್ಟರೆ ಹಸಿರು ಬಟನ್ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

“ನಾನು...” ಎಂದು ಬಾಯಿ ತೆರೆದಳು.

“ನಾನೇ ಸಾರ್ ಒತ್ತಿದ್ದು,” ಎಂದಳು ಅಮ್ಮ ಥಟ್ಟನೆ. “ನಂಗೆ ಅಷ್ಟು ಬುದ್ಧಿ ಸಾಲದು.”

ಗುಮಾಸ್ತ ನಕ್ಕ. ಅಮ್ಮನೂ ನಕ್ಕಂತೆ ಮಾಡಿದಳು. ಚೂಟಿಗೆ ಅಳು ಉಕ್ಕಿ ಬಂತು.

ದಾರಿಯಲ್ಲಿ ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೇ ವಾಸಿಯಿತ್ತು.

“ಇನ್ನೊಂದೆರಡು ತಿಂಗಳು ಬಿಟ್ಟು ತಗೊಳ್ಳೋಣ ಕಣೇ. ಅಲ್ಲಿವರೆಗೆ ಕ್ಲಾಸಲ್ಲಿ ಮುಂದಿನ ಬೆಂಚಲ್ಲಿ ಕೂತ್ಕೋ.”

“ಈಗ್ಲೂ ಅಲ್ಲೇ ಕೂತ್ಕೊಳ್ಳೋದಮ್ಮ.”

ಅಷ್ಟರಲ್ಲಿ ಎಟಿಎಂ ಬಂತು. ಉಳಿದಿರುವುದಾದರೂ ಇದೆಯೋ ಇಲ್ಲವೋ ಎಂಬಂತೆ ಅಮ್ಮನ ಕಾಲು ತಾನಾಗಿ ನಿಧಾನವಾಯಿತು.

ಚೂಟಿ ತೋರುಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಮಡಚಿಕೊಂಡಳು. ಇನ್ನೊಂದು ಕೈಯಿಂದ ಅಮ್ಮನ ಕೈ ಹಿಡಿದು, ಆ ಕಡೆ ತಿರುಗಿಯೂ ನೋಡದೆ, ಎಳೆದುಕೊಂಡು ಮುಂದೆ ನಡೆದಳು.