ನಡುಮನೆಯಲ್ಲಿ ನಿಂತ ದನಿ

ಫಟ್! ಫಟ್! ಫಟ್!

ಲ್ಯಾಬಿನ ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ಚಹಾಕ್ಕಿಡುತ್ತಿದ್ದ ಕೀರ್ತನಾ ಬೆಚ್ಚಿಬಿದ್ದಳು. ನಡುಮನೆಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ! ಕೈಗೆ ಸಿಕ್ಕ ಲಟ್ಟಣಿಗೆ ಹಿಡಿದೇ ಓಡಿ ಬಂದಳು.

ಮೂಲೆಯಲ್ಲಿ ಒಬ್ಬ ಯುವಕ ಕಣ್ಣು ಮುಚ್ಚಿ ನಿಂತಿದ್ದ. ತಲೆಗೂದಲ ತುಂಬ ಮರದ ಹೊಟ್ಟು. ಮತ್ತೊಮ್ಮೆ ಚಪ್ಪಾಳೆ ತಟ್ಟಿದ, ತಲೆ ಓರೆ ಮಾಡಿ ಆಲಿಸಿದ.

"ಯಾರ್ರೀ ನೀವು? ಏನಿದು ನಾಟಕ?"

"ಒಂದ್ನಿಮಿಷ ಮಾತಾಡಬ್ಯಾಡ್ರಿ..." ಅವನು ಕಣ್ಣು ತೆರೆಯಲೇ ಇಲ್ಲ. "ನಿಮ್ಮ ಮನಿ ಹೆಂಗೆ ಕೇಳ್ತೈತೆ ಅಂತ ನೋಡ್ತಾ ಇದೀನಿ."

ಅವಳ ಮನೆಯಲ್ಲಿ ಅವಳಿಗೇ ಮಾತಾಡಬೇಡ ಅನ್ನುವುದೇ! ಎಷ್ಟು ಧೈರ್ಯ! ಬೈಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕಣ್ಣು ತೆರೆದ. ಬೈಯುವುದು ಮರೆತೇಹೋಯಿತು.

ಹಿಂದೆಯೇ ಅಪ್ಪ ಗುರುಮೂರ್ತಿ ಏದುಸಿರು ಬಿಡುತ್ತ ಒಂದು ಮರದ ಪೆಟ್ಟಿಗೆ ಹೊತ್ತು ಬಂದರು.

"ಇವ್ನು ಹರಿಹರದ ಕೊಟ್ಟೂರೇಶ ಕಣವ್ವ. ನಮ್ಮ ಬಾಗ್ಲು ಮಾಡಿಕೊಟ್ಟನಲ್ಲ, ಅವ್ನೇ. ಸ್ಪೀಕರ್ ಮಾಡ್ಯಾನೆ, ಸ್ವಂತ ಕೈಯಾಗೆ!"

ಕೊಟ್ಟೂರೇಶನ ಕಣ್ಣು ಲಟ್ಟಣಿಗೆಯ ಮೇಲೆ ಬಿತ್ತು. "ಹೊಡೆಯೋದಿದ್ರೆ ನನಗೆ ಹೊಡೀರಿ. ಸ್ಪೀಕರ್‌ಗೆ ಮಾತ್ರ ಬ್ಯಾಡ್ರಿ."

ಕೀರ್ತನಾ ನಗು ತಡೆಯಲಾಗದೆ ಒಳಗೆ ಓಡಿದಳು!

ಎರಡು ಪೆಟ್ಟಿಗೆಗಳು ಟಿ.ವಿ.ಯ ಅಕ್ಕಪಕ್ಕ ಕೂತವು. ಬೆನ್ನಿಗೆ ತಲಾ ಎರಡು ಹಿತ್ತಾಳೆ ತಿರುಪು. ಒಂದಕ್ಕೆ ಕೆಂಪು ತಂತಿ, ಇನ್ನೊಂದಕ್ಕೆ ಕರಿ ತಂತಿ. ಯಾವುದಕ್ಕೆ ಯಾವುದು ಎಂದು ತಿಳಿಯಲು ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು. ಅವನು ಬಗ್ಗಿ ತಂತಿ ಬಿಗಿಯುವಾಗ ಕೀರ್ತನಾ ಪರದೆಯ ಮರೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದಳು. ಯಾಕೆ ತೆಗೆದಳು? ಅವಳನ್ನೇ ಕೇಳಬೇಕು.

"ಈಗ್ಲೇ ಜೋರಾಗಿ ಹಾಕಬ್ಯಾಡ್ರಿ," ಅಂದ ಕೊಟ್ಟೂರೇಶ. "ಹೊಸ ಚಪ್ಲಿ ಇದ್ದಂಗೆ. ಪಳಗಬೇಕು. ದಿನಾ ಎರಡು ತಾಸಿನಂಗೆ ಐವತ್ತು ತಾಸು ಮೆಲ್ಲಗೆ ಹಾಡಿಸಬೇಕು. ನಾನೇ ಬಂದು ಹಾಡಿಸ್ತೀನಿ."

ಆಮೇಲೆ ತಲೆ ತಗ್ಗಿಸಿ ಹೇಳಿದ: "ಹೊರಗಿನೋರಿಗೆ ಕೊಡ್ತಾ ಇರೋದು ಇದೇ ಮೊದಲ್ನೇ ಜೋಡಿ. ಇದು ಕೈಕೊಟ್ರೆ, ಬಾಗ್ಲು-ಕಿಟಕಿನೇ ನನ್ನ ಗತಿ ಅನ್ಕಂತೀನಿ."

ದಿನವೂ ಸಂಜೆ ಐದಕ್ಕೆ ಹರಿಹರದ ಬಸ್ಸಿಳಿದು ಕೆ.ಬಿ. ಬಡಾವಣೆಯ ಈ ಮನೆಗೆ ನಡೆದು ಬರುತ್ತಿದ್ದ. ಸ್ಪೀಕರ್ ಮೆಲ್ಲಗೆ ಹಾಡುತ್ತಿತ್ತು. ಅಜ್ಜಿ ಗಿರಿಯಮ್ಮ ಮಂಡಕ್ಕಿ ಕಲಸಿ ಕೊಡುತ್ತಿದ್ದಳು, ಕೀರ್ತನಾ ಚಹಾ. ಐದು ಗಂಟೆಗೆ ಸರಿಯಾಗಿ ಅವಳು ತಲೆ ಬಾಚುವುದನ್ನು ಅಜ್ಜಿ ನೋಡಿಯೂ ನೋಡದಂತಿರುತ್ತಿದ್ದಳು. ಒಂದು ಸಂಜೆ ಕೊಟ್ಟೂರೇಶ ಸಣ್ಣ ರೆಕಾರ್ಡರ್ ತಂದು ಅಜ್ಜಿಯಿಂದ ಸೋಬಾನೆ ಪದವನ್ನೂ ಹಾಡಿಸಿ, ತನ್ನ ಪೆನ್ ಡ್ರೈವಿನ ಕೊನೆಗೆ ಸೇರಿಸಿಕೊಂಡ.

ಹೀಗೆ ಮೂವತ್ತೆಂಟು ತಾಸು ಕಳೆಯಿತು. ಅಪ್ಪನಿಗೆ ತಡೆಯಲಾಗಲಿಲ್ಲ. ಭಾನುವಾರ ಹಾಡಿನ ಹುಚ್ಚಿನ ಗೆಳೆಯ ಅಮೀರ್ ಜಾನ್ ಸಾಹೇಬರನ್ನು ಕರೆದೇಬಿಟ್ಟರು.

ಅದರ ಹಿಂದಿನ ದಿನ ಅಮಾವಾಸ್ಯೆ. ಅಂಗಡಿಯ ಪೂಜೆಯೆಂದು ಕೊಟ್ಟೂರೇಶ ಬಂದಿರಲಿಲ್ಲ. ಕೀರ್ತನಾ ಮನೆಯೆಲ್ಲ ತೊಳೆದಳು. ತಂತಿ ಬಿಚ್ಚಿ ಪೆಟ್ಟಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಎಳೆದು, ಹೂವಿಟ್ಟು, ಮತ್ತೆ ತಂತಿ ಬಿಗಿದಳು. ಅವನ ಮರ್ಯಾದೆಯ ಪ್ರಶ್ನೆ, ಎಲ್ಲವೂ ಚೆಂದ ಕಾಣಬೇಕು!

ಭಾನುವಾರ ಎಲ್ಲರೂ ಕೂತರು. ಕೊಟ್ಟೂರೇಶ ಪೆನ್ ಡ್ರೈವ್ ಸಿಕ್ಕಿಸಿ, ಮೊದಲ ಸಲ ದನಿ ಏರಿಸಿದ.

ತಬಲಾ ಟೊಳ್ಳು. ಹಾಡುವವಳ ದನಿ ಎಲ್ಲೋ ಗೋಡೆಯಾಚೆ ಅಲೆಯುತ್ತಿತ್ತು.

"ಬೇಟಾ..." ಅಮೀರ್ ಜಾನ್ ಸಾಹೇಬರು ಸಂಕೋಚದಿಂದ ಅಂದರು, "ಆವಾಜ್ ಎಲ್ಲಿಂದ ಬರ್ತೈತೆ ಅಂತಾನೇ ತಿಳೀವಲ್ದಲ್ಲ."

ಕೊಟ್ಟೂರೇಶನ ಮುಖ ಬಿಳಿಚಿತು. ಪೆಟ್ಟಿಗೆಯ ಹಿಂದೆ ಇಣುಕಿದ. ತಂತಿಗಳು ನೀಟಾಗಿದ್ದವು. ಅವನ್ನು ಬೇರೆ ಯಾರಾದರೂ ಮುಟ್ಟಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. 'ನನ್ನ ಕೆಲಸವೇ ಇಷ್ಟು...' ಅಂದುಕೊಂಡ.

ಅವನನ್ನು ನಗಿಸಬೇಕೆಂದು ಕೀರ್ತನಾ ಬಾಯಿಬಿಟ್ಟಳು. "ಹೋಗ್ಲಿ ಬಿಡ್ರಿ, ನಿಮ್ಮ ಬಾಗ್ಲಂತೂ ಚಲೋ ಅದಾವೆ!"

ಎಂಥ ಮಾತಾಡಿಬಿಟ್ಟೆ! ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿದ್ದ.

"ಖರೇನೇ ಹೇಳಿದ್ರಿ," ಅಂದ, ಹೋದ.

ಮರುದಿನ ಬರಲಿಲ್ಲ, ಅದರ ಮರುದಿನವೂ. ಫೋನ್ ಎತ್ತಲಿಲ್ಲ. ಐದು ಗಂಟೆಯಾದರೆ ಕೀರ್ತನಾಗೆ ಕಣ್ಣು ತುಂಬಿ ಬರುತ್ತಿತ್ತು. ಹತ್ತನೆಯ ದಿನ ಆ ಕದ್ದು ತೆಗೆದ ಫೋಟೋ ನೋಡುತ್ತ ಕೂತಳು. ಬಗ್ಗಿದ ಬೆನ್ನು, ಕೂದಲಲ್ಲಿ ಹೊಟ್ಟು... ಬೆರಳುಗಳನ್ನು ದೊಡ್ಡದು ಮಾಡಿ ನೋಡಿದಳು.

ಬೆರಳ ಪಕ್ಕದ ತಂತಿಯ ಮೇಲೆ ಕಣ್ಣು ನಿಂತಿತು.

ಫೋಟೋದಲ್ಲಿ ಎರಡೂ ಪೆಟ್ಟಿಗೆಗೆ ಕೆಂಪು ತಂತಿ ಎಡಕ್ಕೇ ಇತ್ತು. ಅವಳು ಕಟ್ಟಿದ್ದು ಹಾಗಲ್ಲ! ಬಾಗಿಲ ಎರಡು ಬದಿಗೆ ರಂಗೋಲಿ ಎಳೆಯುವ ಕೈ ಅದು. ಒಂದಕ್ಕೊಂದು ಎದುರುಬದುರಾಗಿದ್ದರೇ ಚೆಂದ. ಕೆಂಪಿಗೆ ಕೆಂಪು ಎದುರಾಗುವಂತೆ ಒಂದು ಪೆಟ್ಟಿಗೆಯ ತಂತಿಯನ್ನು ಅದಲುಬದಲು ಬಿಗಿದಿದ್ದಳು. ಪೆನ್ಸಿಲ್ ಗುರುತು ಒದ್ದೆ ಬಟ್ಟೆಗೆ ಅಳಿಸಿಹೋಗಿತ್ತು. ಅದಕ್ಕೇ ಒಂದು ಪೆಟ್ಟಿಗೆ ದನಿಯನ್ನು ಮುಂದೆ ತಳ್ಳಿದರೆ ಇನ್ನೊಂದು ಹಿಂದೆ ಎಳೆಯುತ್ತಿತ್ತು.

ಓಡಿ ಹೋಗಿ ತಂತಿಯನ್ನು ಫೋಟೋದಲ್ಲಿದ್ದಂತೆ ಬಿಗಿದಳು. ಪೆನ್ ಡ್ರೈವ್ ಇನ್ನೂ ಅಲ್ಲೇ ಇತ್ತು. ಕೊನೆಯ ಹಾಡಿಗೆ ಒತ್ತಿ ಹಿಂದೆ ಸರಿದಳು.

ಅಜ್ಜಿ ಹಾಡಿದಳು.

ಪೆಟ್ಟಿಗೆಯೊಳಗಿಂದ ಅಲ್ಲ! ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಖಾಲಿ ಜಾಗದಲ್ಲಿ, ಅಜ್ಜಿ ಬಂದು ಕೂತು ಹಾಡುತ್ತಿದ್ದಳು. ಉಸಿರು ಎಳೆದದ್ದು ಕೇಳಿತು. ಬಳೆ ಸರಿದದ್ದು ಕೇಳಿತು. ಕೀರ್ತನಾಗೆ ಕೈ ಚಾಚಿದರೆ ಸೆರಗು ಸಿಕ್ಕೀತು ಅನ್ನಿಸಿ ನಿಜಕ್ಕೂ ಕೈ ಚಾಚಿದಳು.

ಅಡುಗೆಮನೆಯಿಂದ ಬಂದ ಗಿರಿಯಮ್ಮ ಹೊಸ್ತಿಲಲ್ಲೇ ನಿಂತಳು. "ಅಯ್ಯೋ ಶಿವನೇ... ನಾನು ಇಲ್ಲಿದ್ರೆ ಅಲ್ಲಿರೋಳು ಯಾರೇ?" ಎಂದು ತನ್ನ ದನಿಗೇ ಕೈಮುಗಿದಳು.

ಪದ ಮುಗಿಯಿತು. ರೆಕಾರ್ಡ್ ನಿಲ್ಲಲಿಲ್ಲ.

"ದಿನಾ ಬಸ್ ಹತ್ತಿ ಬರ್ತೀಯಲ್ಲಪ್ಪ, ನೀನಿಲ್ದಿದ್ರೆ ಇದು ಪಳಗಲ್ವೇನು?" ಅಜ್ಜಿಯ ದನಿ.

"ಸುಮ್ನೆ ಹಾಡು ಹಾಕಿಟ್ರೆ ಸಾಕಜ್ಜಿ, ಅದೇ ಪಳಗ್ತೈತೆ."

"ಮತ್ತೆ ಯಾಕ ಬರ್ತೀಯ?"

ಆ ರೆಕಾರ್ಡಿನಲ್ಲೇ ದೂರದಲ್ಲಿ ಅಡುಗೆಮನೆಯ ಲೋಟಗಳ ಸದ್ದು, ಕೀರ್ತನಾ ಗುನುಗುವುದು... ಆಮೇಲೆ ಅವಳ ಎದುರಿಗೇ ಕೂತು ಹೇಳಿದಂತೆ ಆ ಮೆಲುದನಿ.

"ಆ ಗುನುಗು ಕೇಳೋಕೆ ಅಜ್ಜಿ. ಅದಕ್ಕಿಂತ ಚಂದ ಕೇಳಿಸೋ ಸ್ಪೀಕರ್ ನನ್ ಕೈಲಿ ಮಾಡಕ್ಕಾಗಲ್ಲ."

ಕೀರ್ತನಾ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು, ನಗುತ್ತ! ಅಜ್ಜಿ ಅವಳ ಬ್ಯಾಗು ತಂದು ಕೈಗಿಟ್ಟಳು. "ಅಳೋದು ಆಮೇಲೆ. ಹರಿಹರದ ಬಸ್ಸು ಈಗ ಐತೆ."

ಕೊಟ್ಟೂರೇಶ ತನ್ನ ಅಂಗಡಿಯಲ್ಲಿ ಒಂದು ಬಾಗಿಲಿಗೆ ಪಾಲಿಶ್ ಪೇಪರ್ ಉಜ್ಜುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ತಪ್ಪು ನಿಮ್ದಲ್ರಿ!" ಅವಳಿಗೆ ಏದುಸಿರು. "ಅಮಾಸಿ ದಿನ ನಾನು ತಂತಿ ಬಿಚ್ಚಿ ಉಲ್ಟಾ ಹಾಕಿದ್ದೆ. ರಂಗೋಲಿ ಥರ ಕಾಣ್ಲಿ ಅಂತ..."

"ರಂಗೋಲಿ?"

"ಹೂಂ. ಇವತ್ತು ಸರಿ ಮಾಡ್ದೆ. ಅಜ್ಜಿ ನಡುಮನ್ಯಾಗೆ ಬಂದು ಕುಂತಿದ್ರು. ಪೆಟ್ಟಿಗೇನೇ ಇರ್ಲಿಲ್ಲ ಅಲ್ಲಿ! ಎಂಥಾದ್ದು ಮಾಡೀರಿ ನೀವು... ನಾನು ಅಂಥ ಮಾತಾಡಿಬಿಟ್ಟೆ. ಕ್ಷಮಿಸ್ರಿ."

ಅವನ ಕಣ್ಣಲ್ಲಿ ನೀರು ತುಂಬಿತು. "ದನಿ... ನಡುವೆ ನಿಂತಿತ್ತಾ?"

"ನಿಂತಿತ್ತು. ಅಜ್ಜಿ ಆದ್ಮೇಲೆ ಇನ್ನೊಬ್ರು ಬಂದ್ರು." ಕೀರ್ತನಾ ಕತ್ತು ಬಗ್ಗಿಸಿದಳು. "ನೀವು ರೆಕಾರ್ಡ್ ಆಫ್ ಮಾಡೋದು ಮರ್ತಿದ್ರಿ."

ಕೊಟ್ಟೂರೇಶ ಕಿವಿಯವರೆಗೂ ಕೆಂಪಾದ. ಪಾಲಿಶ್ ಪೇಪರ್ ಕೈಯಿಂದ ಜಾರಿತು.

"ಇನ್ನೂ ಎಷ್ಟು ತಾಸು ಬಾಕಿ ಐತೆ ಪಳಗೋದು?" ಅವಳೇ ಕೇಳಿದಳು.

"ಹ... ಹನ್ನೆರಡು. ದಿನಾ ಎರಡು ತಾಸಂದ್ರೆ ಆರು ದಿನಕ್ಕೆ ಮುಗೀತೈತ್ರಿ."

"ದಿನಾ ಹತ್ತೇ ನಿಮಿಷ ಹಾಕಿದ್ರೆ?"

ಅವನು ತುಟಿಯಲ್ಲೇ ಲೆಕ್ಕ ಹಾಕಿದ. "ಎಪ್ಪತ್ತೆರಡು ದಿನ."

"ಅಷ್ಟು ದಿನ ಬರ್ತೀರಾ?"

"ಇಲ್ರಿ."

ಅವಳು ಗಾಬರಿಯಿಂದ ತಲೆಯೆತ್ತಿದಳು. ಅವನು ನಗುತ್ತಿದ್ದ.

"ಒಬ್ನೇ ಬರಲ್ಲ. ನಾಳೆ ಅವ್ವನ್ನೂ ಕರ್ಕಂಡು ಬರ್ತೀನಿ. ನಿಮ್ಮ ಗುನುಗು ಅವಳೂ ಕೇಳ್ಬೇಕಲ್ಲ... ಮುಂದೆ ನಮ್ಮ ಮನಿ ತುಂಬೋದು ಅದೇ."