ಚಿತ್ರ ಹೋಯಿತು, ದನಿ ಉಳಿಯಿತು

ಶನಿವಾರ ಸಂಜೆ ಐದೂವರೆಗೆ ಫರಹೀನ ಜೇವರ್ಗಿ ಠಾಣೆಗೆ ಬಂದು ದೂರು ಬರೆಸಿದಳು. ಮರುದಿನ ಬಸ್ ನಿಲ್ದಾಣದ ಹಿಂದಿನ ಫಂಕ್ಷನ್ ಹಾಲಿನಲ್ಲಿ ಅವಳು ಫೈಟಿಂಗ್ ಗೇಮ್ ಟೂರ್ನಮೆಂಟು ಇಟ್ಟುಕೊಂಡಿದ್ದಳು. ಆಳಂದ, ಅಫಜಲಪುರದಿಂದೆಲ್ಲ ಆಟಗಾರರು ಬರುವವರಿದ್ದರು. ಪಂದ್ಯಗಳನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸಲು ಬೇಕಾದ ಕ್ಯಾಪ್ಚರ್ ಕಾರ್ಡ್ ಎಂಬ ಅಂಗೈಯಗಲದ ಡಬ್ಬಿ, ಅವಳು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಕಾಣೆಯಾಗಿತ್ತು. ಲೈವ್ ಇಲ್ಲದಿದ್ದರೆ ಟೂರ್ನಮೆಂಟು ಮುಂದೂಡುವುದೇ ಗತಿ.

ಪಿಎಸ್‌ಐ ಪಂಚಶೀಲಾಳಿಗೆ ಈ ಆಟದ ಗಂಧಗಾಳಿ ಇರಲಿಲ್ಲ. ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ದಶರಥನೊಂದಿಗೆ ಹಾಲಿಗೆ ಹೋಗಿ ಪಂಚನಾಮೆ ಮಾಡಿದಳು. ಬೀಗ ಒಡೆದಿರಲಿಲ್ಲ, ಕೀಲಿ ನೀರಿನ ಡ್ರಮ್ಮಿನ ಹಿಂದಿರುವುದು ಫರಹೀನಳ ತಂಡಕ್ಕೆಲ್ಲ ಗೊತ್ತಿತ್ತು. ಟಿವಿ, ಕನ್ಸೋಲು, ಲ್ಯಾಪ್‌ಟಾಪು ಇದ್ದಲ್ಲೇ ಇದ್ದವು. ಕಳ್ಳನಿಗೆ ಮಾಲು ಬೇಕಿರಲಿಲ್ಲ, ಟೂರ್ನಮೆಂಟು ನಿಲ್ಲಬೇಕಿತ್ತು ಎಂದು ಪಂಚಶೀಲಾಳಿಗೆ ಅನಿಸಿತು.

“ನೀ ಹೊರಗ ಹೋದಾಗ ಲ್ಯಾಪ್‌ಟಾಪ್ ಚಾಲೂ ಇತ್ತೇನವಾ?”

“ಹೌದ್ರಿ ಮೇಡಮ್. ಟೆಸ್ಟಿಂಗ್ ಲೈವ್ ನಡದಿತ್ರಿ. ಅದು ನಮಗಷ್ಟೇ ಕಾಣ್ತದ.”

“ಮೈಕ್?”

ಫರಹೀನ ಗಕ್ಕನೆ ನಿಂತಳು. ಡಬ್ಬಿ ಕಿತ್ತರೆ ಆಟದ ಚಿತ್ರವಷ್ಟೇ ಹೋಗುತ್ತದೆ. ಮೈಕು ಲ್ಯಾಪ್‌ಟಾಪಿಗೇ ಸಿಕ್ಕಿಸಿತ್ತು, ದನಿ ರೆಕಾರ್ಡ್ ಆಗುತ್ತಲೇ ಇತ್ತು.

ತಂಡದವರನ್ನೆಲ್ಲ ಕೂಡಿಸಿ ಆ ರೆಕಾರ್ಡಿಂಗ್ ಹಚ್ಚಿದರು. ಪರದೆ ಕಪ್ಪಾಯಿತು. ವೈರು ಎಳೆದ ಸದ್ದು. ಆಮೇಲೆ ಮೆಲ್ಲಗೆ ಒಂದು ದನಿ: “ಮಾಫ್ ಮಾಡು ಫರಹೀನ.”

ಎಲ್ಲ ಪಂದ್ಯಗಳಿಗೂ ಕಾಮೆಂಟರಿ ಹೇಳುತ್ತಿದ್ದ ಮಹೇಶಕುಮಾರನ ದನಿ ಅದು. ಅವನು ತಲೆ ತಗ್ಗಿಸಿದ. ಪಕ್ಕದಲ್ಲಿ ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದ, ಕಳೆದ ಸಲ ಗೆದ್ದಿದ್ದ ಹಫೀಜ ಗೆಳೆಯನನ್ನೇ ನೋಡುತ್ತ ಉಳಿದ.

“ನಿಂದೇನು ದನಿ?”

“ನಂದ್ರಿ.”

ಡಬ್ಬಿ ಅವನ ಸ್ಕೂಟಿಯ ಡಿಕ್ಕಿಯಲ್ಲಿ ಸಿಕ್ಕಿತು. ದಶರಥ ಜಪ್ತಿ ಮಾಡಿ ಸೀಲು ಹಾಕಿದ. ಪಂಚಶೀಲಾ ಮಹೇಶಕುಮಾರನನ್ನು ಬಂಧಿಸಿದಳು. ಯಾಕೆ ಕದ್ದೆ ಎಂದರೆ ಅವನು ಬಾಯಿ ಬಿಡಲಿಲ್ಲ.

ಜಪ್ತಿ ಮಾಲು ಕೋರ್ಟಿನ ಆದೇಶವಿಲ್ಲದೆ ಹೊರಬರುವಂತಿಲ್ಲ, ನಾಳೆ ರವಿವಾರ ಬೇರೆ. ಫರಹೀನಳ ಮುಖ ಬಾಡಿತು. ಆಗ ಪಂಚಶೀಲಾಳಿಗೆ ಚೌಡಾಪುರದ ಮದುವೆಯೊಂದು ನೆನಪಾಯಿತು. ಅಲ್ಲಿ ಫೋಟೋಗ್ರಾಫರ್ ಮಲ್ಕಪ್ಪ ಅಕ್ಷತೆಯನ್ನು ಲೈವ್ ಬಿಟ್ಟಿದ್ದ. ಫೋನ್ ಹಚ್ಚಿದಳು. ಅಂಥ ಡಬ್ಬಿ ತನ್ನ ಹತ್ತಿರವೂ ಇದೆ, ನಾಳೆ ಮದುವೆಯೂ ಇಲ್ಲ, ಮುಂಜಾನೆಯೇ ತರುತ್ತೇನೆಂದ.

ಹೇಳಿದಂತೆ ತಂದ. ರವಿವಾರ ಪಂಚಶೀಲಾ ಬಂದೋಬಸ್ತಿಗೆ ಹೋದಾಗ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲ್ಯಾಪ್‌ಟಾಪಿನ ಹಿಂದೆ ಫರಹೀನ ನಗುತ್ತಿದ್ದಳು. ಕಾಮೆಂಟರಿಗೆ ಹಫೀಜ ಕೂತಿದ್ದ.

ರಜೆಯಾದರೂ ಮಧ್ಯಾಹ್ನ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಗೆ ಒಯ್ದು ಹಾಜರುಪಡಿಸಬೇಕಿತ್ತು. ಅವಳು ಠಾಣೆಗೆ ಮರಳಿದಾಗ ದಶರಥನ ಮೊಬೈಲಿನಲ್ಲಿ ಫೈನಲ್ ನಡೆದಿತ್ತು. ಹಿರೋಳ್ಳಿಯ ಪಂಪ್‌ಸೆಟ್ ಮೆಕ್ಯಾನಿಕನೊಬ್ಬ ಇನ್ನೊಂದು ಏಟು ಬಿದ್ದರೆ ಸೋಲುವ ಸ್ಥಿತಿಯಲ್ಲಿದ್ದ. ಹಫೀಜನ ದನಿ ಏರುತ್ತಿತ್ತು. ಬೆಂಚಿನ ಮೇಲೆ ಕೂತ ಮಹೇಶಕುಮಾರ ಈಗ ತಾನಾಗಿಯೇ ಹೇಳಿದ.

“ಸ್ಕೂಟಿ ನಾನೇ ಹೊಡ್ಯಾಕತ್ತಿದ್ದೆರಿ. ಸ್ಪೀಡ್ ಬ್ರೇಕರ್ ಕಾಣಲಿಲ್ಲ, ಹಿಂದ ಕುಂತ ಹಫೀಜನ ಕೈ ಮುರೀತು. ಟೂರ್ನಮೆಂಟ್ ಒಂದು ತಿಂಗಳು ಮುಂದ ಹೋದ್ರ ಅವನೂ ಆಡ್ತಿದ್ದ. ಅವನ ಸಲುವಾಗಿ ಕದ್ದೆ ಅಂತ ಅವಗ ಗೊತ್ತಿಲ್ರಿ.”

ಮೊಬೈಲಿನಿಂದ ಇಡೀ ಹಾಲಿನ ಕೇಕೆ ಸಿಡಿಯಿತು. ಮೆಕ್ಯಾನಿಕ್ ಒಂದರ ಹಿಂದೊಂದು ಏಟು ಕೊಟ್ಟು ಗೆದ್ದಿದ್ದ. ದಶರಥ ಮೇಜು ಗುದ್ದಿದ.

“ನನಗಿಂತ ಚಲೋ ಹೇಳ್ತಾನ್ರಿ ಹಫೀಜ,” ಎಂದು ಮಹೇಶಕುಮಾರ ಕಣ್ಣೊರೆಸಿಕೊಂಡ.

ಬಹುಮಾನ ಕೊಡುವವರೆಗೆ ಕಾದು, ಆಮೇಲೆ ಪಂಚಶೀಲಾ ಜೀಪು ತೆಗೆಯಲು ಹೇಳಿದಳು.